ಸುಮ್ಮನೆ ಓಡುವವರು

ಬೆಂಗಳೂರಿನ ಪದ್ಮನಾಭನಗರದ ಉದ್ಯಾನಗಳಲ್ಲಿ ಬೆಳಗಿನ ಹೊತ್ತು ನಡೆಯುವವರನ್ನು ಯಾರೂ ಏನೂ ಕೇಳುವುದಿಲ್ಲ. ಆದರೆ ಅದೇ ಹಾದಿಯಲ್ಲಿ ಯಾರಾದರೂ ಓಡತೊಡಗಿದರೆ, ಅವರು ಎರಡು ಸುತ್ತು ಮುಗಿಸುವುದರೊಳಗೆ ಕಲ್ಲುಬೆಂಚಿನ ಮೇಲೆ ಕುಳಿತ ಹಿರಿಯರೊಬ್ಬರಿಂದ ‘ಶುಗರ್ ಏನಾದ್ರೂ ಬಂದಿದೆಯೇನಪ್ಪಾ?’ ಎಂಬ ವಿಚಾರಣೆ ಹೊರಡುವುದು ಬಹುಮಟ್ಟಿಗೆ ಖಚಿತ. ಶುಗರ್, ಬಿಪಿ, ಹೊಟ್ಟೆಯ ಬೊಜ್ಜು, ಡಾಕ್ಟರರ ಅಪ್ಪಣೆ, ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆ ಇವೆಲ್ಲ ಬೆಂಚಿಗೆ ಒಪ್ಪಿಗೆಯಾಗುವ ಕಾರಣಗಳು. ‘ಇಲ್ಲ ಅಂಕಲ್, ಸುಮ್ನೆ ಓಡ್ತೀನಿ’ ಎಂಬ ಉತ್ತರ ಮಾತ್ರ ಯಾರಿಗೂ ಸಮಾಧಾನ ಕೊಡುವುದಿಲ್ಲ. ಕಾರಣವಿಲ್ಲದೆ ಬೆವರು ಸುರಿಸುವ ವಯಸ್ಕನಿಗೆ ಹೇಳಿಕೊಳ್ಳಲಾಗದ ಯಾವುದೋ ಕಷ್ಟವಿರಬೇಕೆಂದು ಅಲ್ಲಿ ತೀರ್ಮಾನವಾಗುತ್ತದೆ. ಈ ತೀರ್ಮಾನವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಏಕೆಂದರೆ ನಿದ್ದೆ ಬಾರದ ರಾತ್ರಿಗಳೂ ಕಚೇರಿಯ ಕಿರಿಕಿರಿಯೂ ಸೇರಿ ಅನೇಕರಿಂದ ಮೊದಲ ಬಾರಿಗೆ ಬೂಟು ಕಟ್ಟಿಸುತ್ತವೆ.

ಬೆಂಚಿನ ಹಿರಿಯರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಓಡುವವರು ಈಗ ತಮ್ಮ ಮೇಲೆ ತಾವೇ ಲೆಕ್ಕಪರಿಶೋಧಕರನ್ನು ನೇಮಿಸಿಕೊಂಡಿದ್ದಾರೆ. ಮಣಿಕಟ್ಟಿನ ಗಡಿಯಾರವು ದೂರ, ಹೃದಯ ಬಡಿತ ಮತ್ತು ‘ಪೇಸ್’, ಅಂದರೆ ಒಂದು ಕಿಲೋಮೀಟರಿಗೆ ತಗಲುವ ನಿಮಿಷಗಳು, ಇವೆಲ್ಲವನ್ನೂ ದಾಖಲಿಸುತ್ತಿರುವುದರಿಂದ, ದೇವೇಗೌಡ ಪೆಟ್ರೋಲ್ ಬಂಕ್ ಬಳಿಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದೊಡನೆ ಗುಂಡಿ ಒತ್ತಿ ಗಡಿಯಾರವನ್ನು ನಿಲ್ಲಿಸಿ, ನಿಂತಲ್ಲೇ ಕುಣಿಯುತ್ತ, ಸರಾಸರಿ ಕೆಡದಂತೆ ನೋಡಿಕೊಳ್ಳುವವರನ್ನು ಕಾಣಬಹುದು. ಮನಸ್ಸನ್ನು ಹಗುರ ಮಾಡಿಕೊಳ್ಳಲು ಹೊರಟವರು ಹೀಗೆ ಇನ್ನೊಂದು ವರದಿಯ ಹೊರೆ ಹೊತ್ತು ಮನೆಗೆ ಮರಳುತ್ತಾರೆ.

ಓಟವನ್ನು ಅಳೆಯುವ ಈ ಹಂಬಲ ಯಾವ ಮಟ್ಟಕ್ಕೆ ಹೋಗಬಹುದೆಂಬುದಕ್ಕೆ ಕರಾವಳಿಯ ಕಂಬಳದಲ್ಲಿ ಒಂದು ಉದಾಹರಣೆಯಿದೆ. 2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಜೋಡಿ ಕೋಣಗಳೊಂದಿಗೆ ಕೆಸರುಗದ್ದೆಯ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು; ಕಟ್ಟಡ ಕೆಲಸ ಮಾಡಿಕೊಂಡಿದ್ದ ಆ ಯುವಕನ ಓಟವನ್ನು ಯಾರೋ ಕುಳಿತು ಭಾಗಿಸಿ, ನೂರು ಮೀಟರಿಗೆ 9.55 ಸೆಕೆಂಡು ಎಂದು ಸಾರಿದೊಡನೆ, 2009ರಲ್ಲಿ ಬರ್ಲಿನ್ನಿನಲ್ಲಿ 9.58 ಸೆಕೆಂಡುಗಳ ವಿಶ್ವದಾಖಲೆ ಬರೆದ ಉಸೇನ್ ಬೋಲ್ಟ್ ಅವರನ್ನು ಕನ್ನಡಿಗನೊಬ್ಬ ಹಿಂದಿಕ್ಕಿದನೆಂಬ ಸುದ್ದಿ ದೇಶವನ್ನೆಲ್ಲ ಸುತ್ತಿತು. ಆ ಭಾಗಾಕಾರದಲ್ಲಿ ಕೋಣಗಳ ಪಾಲನ್ನು ಕಳೆಯುವ ವ್ಯವಧಾನ ಯಾರಿಗೂ ಇರಲಿಲ್ಲ. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಭಾರತೀಯ ಕ್ರೀಡಾ ಪ್ರಾಧಿಕಾರದ ಮೂಲಕ ಪರೀಕ್ಷಾ ಓಟಕ್ಕೆ ಕರೆ ಕಳುಹಿಸಿದರು, ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು 3 ಲಕ್ಷ ರೂಪಾಯಿಯ ಬಹುಮಾನವನ್ನೂ ನೀಡಿದರು. ಶ್ರೀನಿವಾಸ ಗೌಡರು ಮಾತ್ರ ಕಂಬಳದಲ್ಲಿ ಹಿಮ್ಮಡಿಯೂರಿ ಓಡಬೇಕು, ಟ್ರ್ಯಾಕಿನಲ್ಲಿ ಕಾಲ್ಬೆರಳ ಮೇಲೆ ಓಡಬೇಕು, ಇವೆರಡೂ ಬೇರೆ ಎಂಬ ಸರಳ ಕಾರಣ ಕೊಟ್ಟು ಆ ಪರೀಕ್ಷೆಯನ್ನು ಒಲ್ಲೆನೆಂದರು. ಕಂಬಳದ ಪರಂಪರೆಗೂ ಅಳತೆ ಹೊಸದೇನಲ್ಲ, ಆದರೆ ಅದರ ಅಳತೆಗೋಲುಗಳು ಅದರವೇ. ಹಗ್ಗ, ನೇಗಿಲು, ಅಡ್ಡಹಲಗೆ ವಿಭಾಗಗಳಲ್ಲಿ ವೇಗಕ್ಕೆ ಬಹುಮಾನವಿದ್ದರೆ, ಓಡಿಸುವವನು ಹಲಗೆಯ ಮೇಲೆ ನಿಂತು ಸಾಗುವ ಕನೆಹಲಗೆಯಲ್ಲಿ ವೇಗವನ್ನು ಕೇಳುವವರೇ ಇಲ್ಲ. ಆ ಹಲಗೆಯ ರಂಧ್ರಗಳಿಂದ ಚಿಮ್ಮಿದ ನೀರು, ‘ನಿಶಾನೆ’ ಎಂದು ಕರೆಯಲಾಗುವ, ಆರೂವರೆ ಅಥವಾ ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ಬಟ್ಟೆಯನ್ನು ಮುಟ್ಟಿತೇ ಎಂಬುದಷ್ಟೇ ಅಲ್ಲಿ ಮುಖ್ಯ. ನೀರು ಎಷ್ಟು ಎತ್ತರಕ್ಕೆ ಹಾರಿತೆಂದು ಕತ್ತೆತ್ತಿ ನೋಡುವ ಆಟವನ್ನು ಕಟ್ಟಿಕೊಂಡ ಜನ ಸಂತೋಷದ ವಿಷಯದಲ್ಲಿ ಬೆಂಗಳೂರಿಗರಿಗಿಂತ ಒಂದು ಹೆಜ್ಜೆ ಮುಂದಿದ್ದರೆನ್ನಬೇಕು. 2023ರ ನವೆಂಬರಿನಲ್ಲಿ ಅರಮನೆ ಮೈದಾನಕ್ಕೆ ಕಂಬಳವೇ ಬಂದಾಗ ನಗರದ ಜನ ಮುಗಿಬಿದ್ದು ನೋಡಿದ್ದರಲ್ಲಿ ಆಶ್ಚರ್ಯವಿಲ್ಲ.

ಓಟದಿಂದ ಮನಸ್ಸಿಗಾಗುವ ಒಳಿತನ್ನು ವಿಜ್ಞಾನಿಗಳೂ ಅಳೆದಿದ್ದಾರೆ. ದೇಹವು ತಾನೇ ತಯಾರಿಸಿಕೊಳ್ಳುವ, ಅಫೀಮಿನಂತೆ ನೋವು ಮರೆಸುವ ಎಂಡಾರ್ಫಿನ್ ಎಂಬ ವಸ್ತುವೇ ಓಟದ ಉಲ್ಲಾಸಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆದರೆ ರಕ್ತದಲ್ಲಿರುವ ಎಂಡಾರ್ಫಿನ್ ಮಿದುಳನ್ನು ಸುಲಭವಾಗಿ ಹೊಗಲಾರದಾದ್ದರಿಂದ, ಈಗ ಹೆಚ್ಚಿನ ಗಮನ 1992ರಲ್ಲಿ ಜೆರುಸಲೇಮಿನ ಸಂಶೋಧಕರು ಗುರುತಿಸಿದ ‘ಆನಂದಮೈಡ್’ ಮತ್ತು ಅದರ ಬಳಗದ ರಾಸಾಯನಿಕಗಳ ಮೇಲಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯಿಂದ ಬಳಲುತ್ತಿದ್ದ 50 ದಾಟಿದ 156 ಮಂದಿಯನ್ನು ವ್ಯಾಯಾಮ, ಮಾತ್ರೆ ಮತ್ತು ಎರಡೂ ಎಂದು ಮೂರು ಗುಂಪು ಮಾಡಿ ನೋಡಿದಾಗ, ಮಾತ್ರೆಯ ಪರಿಣಾಮ ಮೊದಲು ಬೇಗ ಕಂಡರೂ 16 ವಾರಗಳ ಕೊನೆಗೆ ಮೂರೂ ಗುಂಪುಗಳ ಚೇತರಿಕೆ ಹೆಚ್ಚುಕಡಿಮೆ ಸಮವಾಗಿತ್ತು. ರಾಸಾಯನಿಕಗಳಾಚೆಗೂ ಒಂದು ಸಂಗತಿಯಿದೆ: ಒಂದೇ ಚಿಂತೆಯನ್ನು ಹಗಲೂ ಇರುಳೂ ಮೆಲುಕು ಹಾಕುವುದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲೊಂದು, ಮತ್ತು ಏದುಸಿರು ಬಿಡುತ್ತಿರುವವನಿಗೆ ಮೆಲುಕು ಹಾಕುವುದು ಕಷ್ಟ. ಕಾಲಿಟ್ಟರೆ ಅಲುಗುವ ಚಪ್ಪಡಿ, ಮರದ ಬೇರು, ಅಡ್ಡ ನಿಲ್ಲಿಸಿದ ಸ್ಕೂಟರು ಇವುಗಳ ನಡುವೆ ಓಡುವವನ ಗಮನ ಪಾದದಿಂದಾಚೆ ಹೋಗುವಂತಿಲ್ಲವಾದ್ದರಿಂದ, ಈ ಚಿಕಿತ್ಸೆಯಲ್ಲಿ ಬಡಾವಣೆಯ ಪಾದಚಾರಿ ಮಾರ್ಗಗಳಿಗೂ ಒಂದು ಪಾಲು ಸಲ್ಲಬೇಕು.

ಇಷ್ಟಾದರೂ ಓಟವು ವೈದ್ಯರ ಬದಲಿಗೆ ನಿಲ್ಲಲಾರದು. ಹಾಸಿಗೆ ಬಿಟ್ಟೇಳುವುದೇ ಅಸಾಧ್ಯವಾದವರಿಗೆ ‘ಎದ್ದು ಓಡು, ಎಲ್ಲ ಸರಿಹೋಗುತ್ತೆ’ ಎಂದು ಹೇಳುವುದು ಕ್ರೌರ್ಯ. ಅಂಥವರಿಗಾಗಿ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಇದೆ. ಉಳಿದವರು, ಪಕ್ಕದಲ್ಲಿರುವವರೊಡನೆ ಮಾತಾಡಲು ಸಾಧ್ಯವಾಗುವಷ್ಟು ನಿಧಾನವಾಗಿ, ಮೊದಲ ತಿಂಗಳಾದರೂ ಗಡಿಯಾರವನ್ನು ಮನೆಯಲ್ಲೇ ಬಿಟ್ಟು ಓಡಿ ನೋಡಲಿ.