ಪಡುವಣ ಬದುವಿನ ಬೆರಕೆ ಸೊಪ್ಪು

ರಾಗಿ ಬಿತ್ತಿ ಇವತ್ತಿಗೆ 29 ದಿನ. ಎರಡು ಸಲ ಎಡೆಕುಂಟೆ ಹೊಡೆದಾಯ್ತು, ಒಂದು ಕೈ ಕಳೆ ಆಯ್ತು. ಅಕ್ಕಡಿ ಸಾಲಿನ ಅವರೆ, ತೊಗರಿ ಎರಡೂ ಎದ್ದಿವೆ. ಪೈರಿನ ಬಗ್ಗೆ ಹೇಳೋಕೆ ಹೊಸದೇನಿಲ್ಲ. ಇವತ್ತು ಬರೀಬೇಕಾಗಿರೋದು ಬದುವಿನ ವಿಷಯ. ಹೋದ ವಾರ ನನ್ನಿಂದ ಒಂದು ತಪ್ಪಾಯ್ತು. ನಿಮ್ಮಲ್ಲೂ ಯಾರಿಂದಲಾದರೂ ಆಗಬಹುದಾದ ತಪ್ಪು, ಅದಕ್ಕೇ ಮುಚ್ಚಿಡದೆ ಬರೀತಿದೀನಿ.

ಶುಕ್ರವಾರ ಸಂಜೆ ಗಾಳಿ ಇರಲಿಲ್ಲ, ಮಳೆ ಬರೋ ಲಕ್ಷಣನೂ ಇರಲಿಲ್ಲ. ಪಡುವಣ ಬದುವಿನಲ್ಲಿ ಕಳೆ ಮೊಣಕಾಲುದ್ದ ಬೆಳೆದಿತ್ತು. ಕೂಲಿಗೆ ಕರೆದರೆ ಈಗ ಯಾರು ಬರ್ತಾರೆ? ಕಳೆನಾಶಕ ಕಲಸಿ ಎರಡು ಟ್ಯಾಂಕ್ ಹೊಡೆದು ಬಂದೆ. ಮನೆಯಲ್ಲಿ ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲೇ ಇಲ್ಲ.

ಶನಿವಾರ ಬೆಳಿಗ್ಗೆ ಯೂರಿಯಾ ತರೋಕೆ ಪೇಟೆಗೆ ಹೋದೆ. ಮನೆಗೆ ಬಂದಾಗ ಒಂದು ಗಂಟೆ. ತಟ್ಟೆಯಲ್ಲಿ ಬಿಸಿ ಮುದ್ದೆ, ಪಕ್ಕದಲ್ಲಿ ಮಸ್ಸೊಪ್ಪು. ವಾಸನೆಗೇ ಹಸಿವು ಇಮ್ಮಡಿಯಾಯ್ತು. ಮುದ್ದೆ ಮುರಿದು ಕೈಯಲ್ಲಿ ಹಿಡಿದು ಸುಮ್ಮನೆ ಮಾತಿಗೆ ಕೇಳಿದೆ, "ಎಲ್ಲಿ ಸಿಕ್ತವ್ವಾ ಇಷ್ಟು ಎಳೇ ಅಣ್ಣೆ ಸೊಪ್ಪು?"

"ಪಡುವಣ ಬದೀಲಿ. ಹಿಂಡು ಹಿಂಡಾಗಿತ್ತು ಕಣೋ."

ಕೈ ಅಲ್ಲೇ ನಿಂತೋಯ್ತು.

ಮಕ್ಕಳು ಇನ್ನೂ ಸ್ಕೂಲಿಂದ ಬಂದಿರಲಿಲ್ಲ. ನನ್ನ ಹೆಂಡತಿ ಉಂಡಿರಲಿಲ್ಲ. ಅವ್ವ ಮಾತ್ರ ಉಪ್ಪು ನೋಡೋಕೆ ಒಂದು ತೊಟ್ಟು ಅಂಗೈಗೆ ಹಾಕ್ಕೊಂಡು ನೆಕ್ಕಿದ್ದಳು. ಅವತ್ತು ರಾತ್ರಿವರೆಗೂ ಅರ್ಧ ಗಂಟೆಗೊಂದು ಸಲ ಅವಳ ಮುಖ ನೋಡ್ತಾನೇ ಇದ್ದೆ. ಏನೂ ಆಗಲಿಲ್ಲ. ಪಾತ್ರೆಯಲ್ಲಿದ್ದಿದ್ದನ್ನೆಲ್ಲ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿದೆ. ಹಸುವಿನ ಕಲಗಚ್ಚಿಗೂ ಹಾಕಲಿಲ್ಲ. ಉಪ್ಪಿನಕಾಯಿ ನೆಂಚಿಕೊಂಡು ಮುದ್ದೆ ನುಂಗಿದ್ವಿ.

ಅವ್ವ ಬಯ್ಯಲಿಲ್ಲ. "ಔಷ್ದಿ ಹೊಡೆದಿದ್ರೆ ಬಾಡಿರಬೇಕಿತ್ತಲ್ಲಪ್ಪ, ಹಸಿರಾಗೇ ಇತ್ತಲ್ಲ" ಅಂದಳು ಅಷ್ಟೆ. ಅವಳ ಲೆಕ್ಕದಲ್ಲಿ ತಪ್ಪಿಲ್ಲ. ನಾನು ಹೊಡೆದಿದ್ದು ಎಲೆಯಿಂದ ಬೇರಿಗೆ ಇಳಿದು ಗಿಡ ಸಾಯಿಸೋ ಔಷಧಿ. ಹಳದಿ ತಿರುಗೋಕೆ ನಾಲ್ಕೈದು ದಿನವಾದರೂ ಬೇಕು. ಅಲ್ಲೀವರೆಗೆ ನೋಡಿದವರಿಗೆ ಒಳ್ಳೇ ಸೊಪ್ಪೇ. ಗಿಡದೊಳಗೆ ಸೇರಿದ ಮೇಲೆ ತೊಳೆದರೆ ಹೋಯ್ತು, ಬೇಯಿಸಿದರೆ ಹೋಯ್ತು ಅಂತ ನಂಬೋ ಹಾಗಿಲ್ಲ.

ಆಮೇಲೆ ಇನ್ನೊಂದು ನೆನಪಾಗಿ ಮೈ ಬೆವೆತುಬಿಡ್ತು. ಆ ಬದುವಿಗೆ ಸೊಪ್ಪಿಗೆ ಬರೋದು ಅವ್ವ ಒಬ್ಬಳೇ ಅಲ್ಲ. ಊರಿನ ಇನ್ನೂ ಮೂರು ಮನೆಯ ಹೆಂಗಸರು ಬರ್ತಾರೆ. ಚಪ್ಪಲಿ ಮೆಟ್ಟಿಕೊಂಡು ಮೂರೂ ಮನೆಗೆ ಹೋಗಿ ಹೇಳಿ ಬಂದೆ. ಒಂದು ಮನೆಯಲ್ಲಿ ಸೊಪ್ಪು ಸೋಸಿ ಮೊರದಲ್ಲಿಟ್ಟಿದ್ದರು, ರಾತ್ರಿ ಅಡುಗೆಗೆ.

ನಮಗೆ ಕಳೆ, ಅವರಿಗೆ ಸಾರು. ಮಾಗಡಿ, ಕುಣಿಗಲ್ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದ ಮೇಲೆ ಎರಡು ತಿಂಗಳು ನಮ್ಮ ಮನೆಗಳಲ್ಲಿ ಸೊಪ್ಪಿಗೆ ದುಡ್ಡು ಕೊಟ್ಟಿದ್ದೇ ಇಲ್ಲ. ಅವ್ವ ಒಂದು ಸೊಪ್ಪಲ್ಲಿ ಯಾವತ್ತೂ ಮಸ್ಸೊಪ್ಪು ಮಾಡಲ್ಲ, ಬೆರಕೆನೇ ಆಗಬೇಕು. ಅವಳ ಲೆಕ್ಕ ಹೀಗೆ: ಅಣ್ಣೆ ಮತ್ತು ಕಿರಕೀರೆ ಅರ್ಧಕ್ಕಿಂತ ಹೆಚ್ಚು. ಗಣಿಕೆ ಸೊಪ್ಪು ಒಂದು ಹಿಡಿ, ಜಾಸ್ತಿಯಾದರೆ ಕಹಿ. ಗೋಣಿ ಸೊಪ್ಪು ಸಿಕ್ಕಿದರೆ ಹುಳಿ ಕಮ್ಮಿ ಹಾಕಬೇಕು, ಅದೇ ಹುಳಿ ಇರುತ್ತೆ. ಕನ್ನೆ ಸೊಪ್ಪು ಸ್ವಲ್ಪ, ಲೋಳೆ ಬರುತ್ತೆ. ಚಗತೆದು ತುದಿ ಚಿಗುರು ಮಾತ್ರ. ಕಾಲುವೆ ಪಕ್ಕ ಹೊನಗೊನ್ನೆ ಇದ್ದರೆ ಅದೂ ಒಂದು ಹಿಡಿ. ಪಾರ್ಥೇನಿಯಂ ಎಳೇ ಗಿಡ ಕೈಗೆ ಬರದ ಹಾಗೆ ಒಂದೊಂದೇ ಚಿವುಟಬೇಕು, ಹಿಡಿ ಹಿಡಿಯಾಗಿ ಕೀಳಬಾರದು. ಅಣ್ಣೆ ಹೂ ಬಿಟ್ಟರೆ ಮುಗೀತು, ಆಮೇಲೆ ನಾರು.

ಮಾಡೋದು ಸುಲಭ. ಐದು ಜನಕ್ಕೆ ಒಂದು ಲೋಟ ತೊಗರಿಬೇಳೆ. ಅರಿಶಿನ, ಒಂದು ತೊಟ್ಟು ಎಣ್ಣೆ ಹಾಕಿ ಮುಕ್ಕಾಲು ಬೇಯಿಸಿ. ಕುಕ್ಕರಾದರೆ ಎರಡು ವಿಷಲ್ ಸಾಕು. ಸೊಪ್ಪು ಮೂರು ನೀರಲ್ಲಿ ತೊಳೆದು, ಹೆಚ್ಚಿ, ಬೇಳೆ ಜೊತೆ ತೆರೆದ ಪಾತ್ರೆಯಲ್ಲೇ ಬೇಯಿಸಿ. ಜೊತೆಗೆ ಒಂದು ಈರುಳ್ಳಿ, ಎರಡು ಟೊಮೆಟೊ, ಆರು ಹಸಿಮೆಣಸಿನಕಾಯಿ, ಒಂದು ಗೆಡ್ಡೆ ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ. ಎಲ್ಲ ಮೆತ್ತಗಾದ ಮೇಲೆ ಕಟ್ಟು ಬಸಿದು ಪಕ್ಕಕ್ಕಿಡಿ. ಉಪ್ಪು, ಸ್ವಲ್ಪ ಹುಣಸೆಹಣ್ಣು ಹಾಕಿ ಕಡಗೋಲಲ್ಲಿ ಮಸೆಯಿರಿ. ಮಿಕ್ಸಿಗೆ ಹಾಕಬೇಡಿ, ಅಂಟಾಗುತ್ತೆ. ಬಸಿದ ಕಟ್ಟು ಬೆರೆಸಿ ಒಂದು ಕುದಿ ಕುದಿಸಿ, ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಡಿ. ಅಲಸಂದೆ ಕಾಳೋ ಹುರಳಿಕಾಳೋ ಇದ್ದ ದಿನ ಇದೇ ಸೊಪ್ಪಲ್ಲಿ ಬಸ್ಸಾರು. ಕಟ್ಟಿನಲ್ಲಿ ಸಾರು, ಬಸಿದ ಕಾಳು ಸೊಪ್ಪಿಗೆ ಕಾಯಿತುರಿ ಹಾಕಿ ಪಲ್ಯ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ.

ಕಳೆನಾಶಕ ಹೊಡೀಲೇಬೇಡಿ ಅಂತ ಉಪದೇಶ ಮಾಡೋ ಯೋಗ್ಯತೆ ನನಗಿಲ್ಲ. ಕೂಲಿ ಸಿಗದೆ ಇದ್ದಾಗ ನಾಳೆ ನಾನೂ ಟ್ಯಾಂಕ್ ಹೊರಬಹುದು. ಆದರೆ ಈ ವಾರ ಮೂರು ತೀರ್ಮಾನ ಮಾಡಿದೀನಿ.

ಮೂಡಣ ಬದು ಮತ್ತು ಬಾವಿ ಸುತ್ತ ಇನ್ನು ಯಾವತ್ತೂ ಹೊಡೆಯೋದಿಲ್ಲ. ಅಲ್ಲಿ ಕುಡುಗೋಲೇ, ಕೊಯ್ದಿದ್ದು ಹಸುಗೆ. ಬೇರೆ ಕಡೆ ಹೊಡೆಯೋದಾದರೆ ಹಿಂದಿನ ರಾತ್ರಿ ಊಟಕ್ಕೆ ಕೂತಾಗಲೇ ಮನೆಯಲ್ಲಿ ಹೇಳೋದು, ಸೊಪ್ಪಿಗೆ ಬರೋ ಮನೆಗಳಿಗೂ ಹೇಳೋದು. ಹೊಡೆದ ಬದುವಿನ ಎರಡೂ ತುದಿಗೆ ಒಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟೋದು. ಆ ಹಂಗಾಮು ಮುಗಿಯೋವರೆಗೆ ಅದು ಅಲ್ಲೇ ಇರಬೇಕು, ಯಾಕೆಂದರೆ ಬಾಡಿದ ಮೇಲೆ ಮಳೆ ಬಂದು ಹೊಸ ಚಿಗುರು ಎದ್ದರೆ ಯಾರಿಗೂ ಗುರುತು ಸಿಗಲ್ಲ.

ಬದು ಇಬ್ಬರ ಪಾಲಿನದಾಗಿದ್ದರೆ ಪಕ್ಕದ ಜಮೀನಿನವರಿಗೂ ಒಂದು ಮಾತು ಹೇಳಿ. ನಾನು ನಮ್ಮ ಪಕ್ಕದವರಿಗೆ ಹೇಳೋಕೆ ಹೋದಾಗ ಅವರೂ, "ನಾನೂ ಮೊನ್ನೆ ತೆಂಕಲ ಕಡೆ ಹೊಡೆದೆ, ಯಾರಿಗೂ ಹೇಳಿಲ್ಲ" ಅಂದರು. ಇಬ್ಬರೂ ಸುಮ್ಮನೆ ನಿಂತ್ವಿ.

ಭಾನುವಾರ ಅವ್ವ ಮೊಮ್ಮಗಳನ್ನ ಕರ್ಕೊಂಡು ಮೂಡಣ ಬದುವಿಗೆ ಹೋಗಿದ್ದಳು. ಹೋಗೋ ಮುಂಚೆ ನನ್ನ ಕಡೆ ತಿರುಗಿ, "ಇಲ್ಲಿ ಏನೂ ಹೊಡೆದಿಲ್ಲ ತಾನೆ?" ಅಂತ ಕೇಳಿದಳು. ನಲವತ್ತು ವರ್ಷದಿಂದ ಅದೇ ಬದುವಿನಲ್ಲಿ ಸೊಪ್ಪು ಕಿತ್ತವಳು ಮೊದಲ ಸಲ ಕೇಳಿದ್ದು. "ಇಲ್ಲವ್ವ" ಅಂದೆ. ಮಡಿಲು ತುಂಬ ತಂದಳು. ಮಗಳು ಈಗ ಅಣ್ಣೆ, ಗಣಿಕೆ, ಗೋಣಿ, ಕನ್ನೆ ನಾಲ್ಕನ್ನ ಗುರುತು ಹಿಡೀತಾಳೆ.

ಅಣ್ಣೆ ಇನ್ನು ಸ್ವಲ್ಪ ದಿನಕ್ಕೆ ಹೂ ಬಿಡುತ್ತೆ. ಅಷ್ಟರೊಳಗೆ ನಿಮ್ಮ ಮನೇಲೂ ಒಂದೆರಡು ಸಲ ಮಸ್ಸೊಪ್ಪು ಆಗಲಿ. ಸೊಪ್ಪು ಎಲ್ಲಿಂದ ಬಂತು ಅಂತ ಮಾತ್ರ ಊಟಕ್ಕೆ ಮೊದಲೇ ಕೇಳಿ.