ಅಳುವಿಗೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು

ಇಂಗ್ಲಿಷರು ಹೆಣದ ಮುಂದೆ ಬಾಯಿಬಿಟ್ಟು ಅಳುವುದಿಲ್ಲವೆಂಬ ಮಾತನ್ನು ನಮ್ಮ ಹಾಸ್ಟೆಲಿನಲ್ಲಿ ಅನೇಕ ಸಲ ಕೇಳಿದ್ದೇನೆ. ಹಾಗಿದ್ದರೆ, ಅಳದ ಜನಕ್ಕೆ ಅಳುವಿನ ಮಾತುಗಳು ಅಷ್ಟೊಂದು ಏತಕ್ಕೆ ಬೇಕಾದವು? ಥಾಮಸ್ ಗ್ರೇ ಕವಿ 1751ರಲ್ಲಿ ಪ್ರಕಟಿಸಿದ ‘ಎಲಿಜಿ’ಯನ್ನು ನಮ್ಮ ಅಧ್ಯಾಪಕರು ಪಾಠ ಹೇಳಿದ ದಿನ ಈ ಸಂಶಯ ನನ್ನಲ್ಲಿ ಹುಟ್ಟಿತು. ಅಂದು ಸಂಜೆ ಗ್ರಂಥಾಲಯಕ್ಕೆ ಹೋಗಿ, ಇಬ್ಬರು ಎತ್ತಬೇಕಾದಂಥ ದೊಡ್ಡ ನಿಘಂಟನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಪರೀಕ್ಷೆಗೆ ಇದರಿಂದ ಒಂದು ಅಂಕವೂ ಬರಲಾರದೆಂಬುದು ಗೊತ್ತಿತ್ತು.

‘ವೀಪ್’, ‘ಮೋರ್ನ್’ ಎಂಬವು ಆ ನುಡಿಯ ಹಳೆಯ ಸ್ವಂತ ಮಾತುಗಳು. ನಮ್ಮ ‘ಅಳು’ ಇದ್ದಂತೆ. ‘ಗ್ರೀಫ್’ ಫ್ರೆಂಚಿನ ಮೂಲಕ ಬಂದದ್ದು. ಅದರ ಬೇರು ಲ್ಯಾಟಿನ್ನಿನಲ್ಲಿ ‘ಭಾರವಾದ’ ಎಂಬ ಅರ್ಥದ ಪದ. ವಿಜ್ಞಾನದ ವಿದ್ಯಾರ್ಥಿಗಳು ದಿನವೂ ಹೇಳುವ ‘ಗ್ರ್ಯಾವಿಟಿ’ ಅದರ ಒಡಹುಟ್ಟು. ಎದೆ ಭಾರವಾಯಿತೆಂದು ನಾವೂ ಹೇಳುತ್ತೇವಲ್ಲ! ‘ಡರ್ಜ್’ ಎಂಬ ಮಾತಿನ ಕಥೆ ಇನ್ನೂ ಸ್ವಾರಸ್ಯವಾದುದು. ಸತ್ತವರಿಗಾಗಿ ಪಾದ್ರಿಗಳು ನಡೆಸುತ್ತಿದ್ದ ಒಂದು ಪ್ರಾರ್ಥನೆ ‘ದಿರಿಗೆ’ ಎಂಬ ಲ್ಯಾಟಿನ್ ಪದದಿಂದ ಆರಂಭವಾಗುತ್ತಿತ್ತು. ‘ದಾರಿ ತೋರಿ ನಡೆಸು’ ಎಂದು ಅದರ ಅರ್ಥ. ಆ ಮೊದಲ ಪದವೇ ಸವೆದು ಸವೆದು ಶೋಕಗೀತೆಗೆ ಹೆಸರಾಯಿತು. ಮಂತ್ರದ ಅರ್ಥ ತಿಳಿಯದಿದ್ದರೂ ಅದರ ಮೊದಲ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ನಮ್ಮ ಊರಿನವರಿಗೂ ಹೊಸದಲ್ಲ.

‘ಬಿರೀವ್‌ಮೆಂಟ್’ ಎಂಬ ಮಾತಿನ ಬಳಿ ನಾನು ಬಹಳ ಹೊತ್ತು ನಿಂತೆ. ಎರಡು ವರ್ಷಗಳ ಹಿಂದೆ ನಮ್ಮ ಅಪ್ಪ ತೀರಿಕೊಂಡಾಗ ರಜೆಯ ಅರ್ಜಿಯಲ್ಲಿ ಆ ಪದವನ್ನು ಬರೆದಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅರ್ಜಿ, ಕಾಗದ, ಪತ್ರವೆಲ್ಲ ನನ್ನ ಪಾಲಿನ ಕೆಲಸ. ‘ಸಾವು’ ಎನ್ನುವುದಕ್ಕಿಂತ ಇದು ಸಭ್ಯವಾದ ಪದವೆಂದು ಒಬ್ಬ ಸಹಪಾಠಿ ಹೇಳಿಕೊಟ್ಟಿದ್ದ. ನಿಘಂಟು ಬೇರೆಯೇ ಹೇಳುತ್ತದೆ. ಅದರೊಳಗಿರುವ ‘ರೀವ್’ ಎಂದರೆ ಕೊಳ್ಳೆ ಹೊಡೆಯುವುದು, ಕಿತ್ತುಕೊಳ್ಳುವುದು. ಮನೆಗೆ ನುಗ್ಗಿ ದೋಚಿಕೊಂಡು ಹೋಗಿದ್ದಾರೆ, ಆದುದರಿಂದ ಹನ್ನೊಂದು ದಿನಗಳ ರಜೆ ದಯಪಾಲಿಸಬೇಕು ಎಂದೇ ನಾನು ಬರೆದಂತಾಯಿತು. ಅಷ್ಟು ಕಠೋರವಾದ ಪದ ಅರ್ಜಿಗಳಲ್ಲಿ ಓಡಾಡಿ ಎಷ್ಟು ನುಣುಪಾಗಿಬಿಟ್ಟಿದೆ!

ಇಷ್ಟೆಲ್ಲ ಇದ್ದೂ ಒಂದು ಕೊರತೆ ನನಗೆ ಕಂಡಿತು. ಕಣ್ಣೀರಿಗೆ, ಎದೆಯ ಭಾರಕ್ಕೆ, ಕಾಗದದ ಮೇಲಿನ ಪದ್ಯಕ್ಕೆ ಮರ್ಯಾದೆಯ ಹೆಸರುಗಳಿವೆ. ಗಟ್ಟಿಯಾಗಿ ಅಳುವುದಕ್ಕೆ? ‘ವೇಲ್’ ಒಂದನ್ನು ಬಿಟ್ಟರೆ, ‘ಹೌಲ್’ ತೋಳಕ್ಕೂ ನಾಯಿಗೂ ಸಲ್ಲುವ ಮಾತು. ‘ಬಾಲ್’ ರಚ್ಚೆ ಹಿಡಿದ ಮಗುವಿಗೆ. ಮಗಳ ಶವವನ್ನು ತೋಳಿನಲ್ಲಿ ಹೊತ್ತು ಬರುವ ಲಿಯರ್ ದೊರೆಗೆ ಷೇಕ್ಸ್‌ಪಿಯರ್ ಕೊಟ್ಟದ್ದು ಆ ತೋಳದ ಮಾತನ್ನೇ, ನಿಜ; ಆದರೆ ದೊರೆಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲವೆಂದು ನಾವು ಟಿಪ್ಪಣಿ ಬರೆದುಕೊಳ್ಳುತ್ತೇವೆ. ಬುದ್ಧಿ ನೆಟ್ಟಗಿರುವ ಹೆಂಗಸೊಬ್ಬಳು ಹೆಣದ ಪಕ್ಕದಲ್ಲಿ ಕುಳಿತು, ಸತ್ತವನನ್ನೇ ಕರೆದು, ಮಾತು ಕಟ್ಟಿ, ರಾಗ ಎಳೆದು ಅಳುತ್ತಾಳಲ್ಲ, ನಮ್ಮವರು ‘ಹಾಡಿಕೊಂಡು ಅಳುವುದು’ ಎನ್ನುತ್ತಾರಲ್ಲ, ಅದಕ್ಕೆ ಇಂಗ್ಲಿಷು ನೆರೆಯ ಐರ್ಲೆಂಡಿನಿಂದ ಪದವನ್ನು ಕಡ ತಂದಿತು. ಆ ಪದ ‘ಕೀನ್’. ಹರಿತವೆಂಬ ಅರ್ಥದ ‘ಕೀನ್’ ಬೇರೆ, ಇದು ಬೇರೆ.

ಐರ್ಲೆಂಡಿನ ಹಳ್ಳಿಗಳಲ್ಲಿ ಇದಕ್ಕೆಂದೇ ಹೆಸರಾದ ಹೆಂಗಸರಿದ್ದರು. ಸಾವಿನ ಮನೆಯವರು ಕರೆಸಿ ಕೂಲಿ ಕೊಡುವುದೂ ಉಂಟು. ಒಬ್ಬಳು ಸತ್ತವನ ವಂಶ, ಗುಣಗಳನ್ನು ಹೇಳುವಳು, ಬಿಟ್ಟುಹೋದೆಯಾ ಎಂದು ಬೈಯುವಳು, ಉಳಿದವರು ದನಿಗೂಡಿಸುವರು. ಅಲ್ಲಿನ ಕ್ಯಾಥೊಲಿಕರು ಐದು ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆಯನ್ನು ಇಟ್ಟುಕೊಳ್ಳಬಾರದೆಂದು ಆಗ ಕಾನೂನಿತ್ತು. ಕುದುರೆಯ ಜಗಳವೇ ಬೆಳೆದು, 1773ರಲ್ಲಿ ಆರ್ಟ್ ಒಲಿಯರಿ ಎಂಬ ತರುಣನನ್ನು ಗುಂಡಿಟ್ಟು ಕೊಂದರು. ಅವನ ಹೆಂಡತಿ ಐಲೀನ್ ಕಟ್ಟಿದ ಅಳುಹಾಡು ಬಾಯಿಂದ ಬಾಯಿಗೆ ಉಳಿದು, ಅನಂತರ ಬರಹಕ್ಕೆ ಇಳಿದು, ಇಂದು ಐರಿಷ್ ಸಾಹಿತ್ಯದ ಹೆಮ್ಮೆಯ ಕೃತಿಗಳಲ್ಲಿ ಒಂದೆನಿಸಿದೆ. ಅದರ ನಡುವೆ ನಾದಿನಿಯ ಚುಚ್ಚುಮಾತು ಬರುತ್ತದೆ: ನನ್ನ ತಮ್ಮನ ಹೆಣ ಬಿದ್ದಿರುವಾಗ ನೀನು ಮಲಗಲು ಹೋದೆಯಲ್ಲ, ಎಂದು. ಮಲಗಿದ್ದಲ್ಲ, ಮಕ್ಕಳನ್ನು ಮಲಗಿಸುತ್ತಿದ್ದೆ ಎಂದು ಐಲೀನಳ ಉತ್ತರ. ಇದನ್ನು ಓದಿದಾಗ ಐರ್ಲೆಂಡು ನನಗೆ ಪರದೇಶವೆನಿಸಲಿಲ್ಲ. ಗ್ರೇ ಕವಿಯ ಪದ್ಯದಲ್ಲಿ ಇಂಥ ಅತ್ತಿಗೆ ನಾದಿನಿಯರಿಗೆ ಎಡೆಯಿಲ್ಲ.

ಬಿಷಪ್ಪರು ಈ ಅಳುವನ್ನು ನಿಲ್ಲಿಸಬೇಕೆಂದು ಮತ್ತೆ ಮತ್ತೆ ಅಪ್ಪಣೆ ಮಾಡಿದರು. ಓದು ಬಂದವರಿಗೂ ಅದು ನಾಚಿಕೆಯಾಯಿತು. 1904ರಲ್ಲಿ ರಂಗದ ಮೇಲೆ ಬಂದ ಸಿಂಜ್‌ನ ‘ರೈಡರ್ಸ್ ಟು ದಿ ಸೀ’ ನಾಟಕದಲ್ಲಿ ಹೆಂಗಸರು ಹೀಗೆ ಅಳುತ್ತಾರೆ. ಆ ಹೊತ್ತಿಗೆ ಊರುಗಳಲ್ಲಿ ಅದು ಬಹುಮಟ್ಟಿಗೆ ಅಡಗುತ್ತ ಬಂದಿತ್ತು.

‘ಸುಮ್ಮನಿರಿ’ ಎಂಬ ಆ ಅಪ್ಪಣೆ ನಮ್ಮ ಅಂಗಳದಲ್ಲೂ ಕೇಳಿಸಿದ್ದುಂಟು. ಅಪ್ಪನ ತಲೆಯ ಬಳಿ ಅವರ ಅಕ್ಕ, ನಮ್ಮ ದೊಡ್ಡತ್ತೆ, ಕುಳಿತಿದ್ದರು. ಮೂಡಲ ಹೊಲದ ರಾಗಿ ಕೊಯ್ಯದೆ ಎದ್ದು ಹೊರಟೆಯಲ್ಲೋ ತಮ್ಮಯ್ಯ, ಬಿಳಿ ಎತ್ತಿನ ಹಗ್ಗ ಸವೆದಿದೆ, ಸೊಸೈಟಿಯ ಸಾಲಕ್ಕೆ ಯಾರನ್ನು ನಿಲ್ಲಿಸಿ ಹೋದೆ, ಎಂದು ಒಂದೊಂದನ್ನೇ ಎಣಿಸಿ ಅಳುತ್ತಿದ್ದರು. ಅಷ್ಟರಲ್ಲಿ ನನ್ನ ಸ್ನೇಹಿತರು ಬಂದರು. ಪಟ್ಟಣದಲ್ಲಿರುವ ನೆಂಟರೊಬ್ಬರು ಬಗ್ಗಿ, “ಕಾಲೇಜಿನ ಹುಡುಗರು ಬಂದವ್ರೆ, ಸ್ವಲ್ಪ ಸುಮ್ನಿರಕ್ಕ” ಎಂದರು. ದೊಡ್ಡತ್ತೆ ತಲೆಯೆತ್ತಿ ಅವರನ್ನು ನೋಡಿದರು. “ಬರ್ಲಿ ಬುಡು. ಹೋದೋನು ಎಂಥೋನು ಅಂತ ಅವ್ರಿಗೂ ಗೊತ್ತಾಗ್ಲಿ” ಎಂದು ಹೇಳಿ, ಬಿಟ್ಟ ಕಡೆಯಿಂದಲೇ ಮುಂದುವರಿಸಿದರು.

ಕಳೆದ ಬೇಸಗೆಯ ರಜದಲ್ಲಿ ಒಂದು ನೋಟ್‌ಬುಕ್ಕು ಹಿಡಿದು ಅವರ ಮುಂದೆ ಕುಳಿತೆ. ಅಂದು ಹಾಡಿಕೊಂಡದ್ದನ್ನು ಇನ್ನೊಮ್ಮೆ ಹೇಳಿ, ಬರೆದುಕೊಳ್ಳುತ್ತೇನೆ ಎಂದೆ. “ಹೆಣ ಇಲ್ದೆ ಹಾಡಬಾರ್ದು ಕಣಪ್ಪ, ಮನೆಗೆ ಆಗಿಬರಕಿಲ್ಲ” ಎಂದವರೇ, ಕರು ಬಿಚ್ಚಿಕೊಂಡಿದೆ, ಕಟ್ಟಿ ಬಾ ಎಂದು ನನ್ನನ್ನು ಎಬ್ಬಿಸಿ ಕಳುಹಿಸಿದರು. ರಾಗಿಯ ಹೊಲ, ಎತ್ತಿನ ಹಗ್ಗ, ಸೊಸೈಟಿಯ ಸಾಲ ಎಂದು ನೆನಪಿದ್ದಷ್ಟನ್ನು ಗುರುತು ಹಾಕಿಕೊಂಡಿದ್ದೇನೆ. ಅವುಗಳ ನಡುವೆ ಎಳೆದ ರಾಗವನ್ನು ಬರೆಯಲು ನನಗೆ ಬಂದಿಲ್ಲ.