ಖಾನಾಪುರ ರಸ್ತೆಯಲ್ಲಿ ಹಳೇ ಕಾರಿನವರ ಗೋಳು

ಹಳೇ ಕಾರು ಇಟ್ಟುಕೊಂಡವರನ್ನ "ಗಾಡಿ ಹೆಂಗೈತ್ರಿ?" ಅಂತ ಕೇಳಿದರೆ ನಿಮ್ಮ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಹೊಸ ಕಾರಿನವರು ಮೈಲೇಜ್, ಸನ್‌ರೂಫ್ ಅಂತ ಎರಡು ಮಾತಲ್ಲಿ ಮುಗಿಸ್ತಾರೆ. ಹಳೇ ಕಾರಿನವರು ಬೆಳಿಗ್ಗೆ ಚೋಕ್ ಎಳೆದಲ್ಲಿಂದ ಶುರು ಮಾಡಿ, ಸಿಗದ ಟೈರು, ಸಿಗದ ಮಿಸ್ತ್ರಿ, ಸಿಗದ ಇನ್ಶೂರೆನ್ಸು ಅಂತ ಹೇಳ್ತಾನೇ ಹೋಗ್ತಾರೆ. ಬೇರೆಯವರಿಗೆ ಬೇಜಾರಾಗಬಹುದು. ಆದರೆ ಪಕ್ಕದಲ್ಲಿ ಇನ್ನೊಬ್ಬ ಹಳೇ ಕಾರಿನವನಿದ್ದರೆ ಮೈಯೆಲ್ಲ ಕಿವಿಯಾಗಿ ಕೇಳ್ತಾನೆ. ಯಾಕಂದ್ರೆ ಅವನ ಮುಂದಿನ ತಿಂಗಳ ಸಮಸ್ಯೆಗೆ ಉತ್ತರ ಈ ಗೋಳಿನಲ್ಲೇ ಇರುತ್ತದೆ.

ಬೆಳಗಾವಿಯಲ್ಲಿ ನಾವು ಇಂಥವರು ಏಳೆಂಟು ಜನ ಇದ್ದೇವೆ. ಸಂಘ, ಪದಾಧಿಕಾರಿ ಅಂತೇನೂ ಇಲ್ಲ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಖಾನಾಪುರಕ್ಕೆ ಹೋಗಿ, ಮಲಪ್ರಭೆಯ ಹತ್ತಿರ ಚಹಾ ಕುಡಿದು ವಾಪಸ್ ಬರೋದು, ಅಷ್ಟೇ. ಹೋಗಿ ಬರಲು 50 ಕಿ.ಮೀ. ಆಸುಪಾಸು.

ನನ್ನದು ಅಪ್ಪ ತಗೊಂಡ 1994ರ ಪ್ರೀಮಿಯರ್ ಪದ್ಮಿನಿ. ನನಗಿಂತ ಒಂದು ವರ್ಷ ದೊಡ್ಡದು. ನಿವೃತ್ತ ಹೈಸ್ಕೂಲ್ ಶಿಕ್ಷಕರೊಬ್ಬರದು ಅಂಬಾಸಿಡರ್, ಅವರು ನಮಗೆಲ್ಲ ಮಾಸ್ತರ್ ಕಾಕಾ. ಹಲ್ಲಿನ ಡಾಕ್ಟರ್ ಅಕ್ಕನದು ಮಾರುತಿ 800. ಒಂದು ಕಾಂಟೆಸ್ಸಾನೂ ಇದೆ, ಆದರೆ ಅದರ ಯಜಮಾನರು ಹೆಚ್ಚಾಗಿ ಬೇರೆಯವರ ಕಾರಿನಲ್ಲೇ ಬರ್ತಾರೆ!

ಇವೆಲ್ಲ ನಿಂತುಹೋದ ಕಾರುಗಳು. ಇಟಲಿಯ ಫಿಯೆಟ್ 1100 ನಮ್ಮಲ್ಲಿ ಪದ್ಮಿನಿಯಾಗಿ ತಯಾರಾಗಿದ್ದು ಮುಂಬೈಯ ಕುರ್ಲಾದಲ್ಲಿ. ಈ ಶತಮಾನದ ಶುರುವಿಗೇ ಅದರ ಕಥೆ ಮುಗಿಯಿತು. ಅಂಬಾಸಿಡರ್, ಮಾರುತಿ 800 ಎರಡೂ 2014ರಲ್ಲಿ ನಿಂತವು. ಕಂಪನಿ ಬಿಟ್ಟ ಮೇಲೆ ಉಳಿದಿದ್ದು ನಾವು ಮತ್ತು ನಮ್ಮ ಗೊಣಗಾಟ.

ಗೇಟ್ ಬಿತ್ತಪ್ಪೋ!

ಬೆಳಗಾವಿಯವರಿಗೆ ಟಿಳಕವಾಡಿಯ ರೈಲ್ವೆ ಗೇಟುಗಳ ಬಗ್ಗೆ ಹೇಳಬೇಕಾಗಿಲ್ಲ. ಒಂದನೇ ಗೇಟು, ಎರಡನೇ ಗೇಟು, ಮೂರನೇ ಗೇಟು ಅಂತ ವಿಳಾಸ ಹೇಳಿಯೇ ಬೆಳೆದವರು ನಾವು. ಖಾನಾಪುರ ರಸ್ತೆಯ ಮೂರನೇ ಗೇಟಿಗೆ ಈಗ ಮೇಲ್ಸೇತುವೆ ಬಂದಿದೆ. ಆದರೆ ಆ ಸೇತುವೆ ಮುಟ್ಟೋಕೆ ಮೊದಲೇ ನಮ್ಮಲ್ಲಿ ಕೆಲವರು ಒಂದನೇ ಅಥವಾ ಎರಡನೇ ಗೇಟು ದಾಟಬೇಕು. ಸರಿಯಾಗಿ ಆಗಲೇ ಗೇಟ್ ಬೀಳುತ್ತದೆ.

ಹೊಸ ಕಾರು ನಿಂತರೆ ನಿಂತಿತು, ಎಂಜಿನ್ ತಾನೇ ಆಫ್ ಆಗುತ್ತದೆ. ನಮ್ಮದು ಆಫ್ ಮಾಡಿದರೆ ಮತ್ತೆ ಶುರುವಾಗುತ್ತೋ ಇಲ್ಲವೋ ಅನ್ನೋ ಭಯ, ಆನ್ ಇಟ್ಟರೆ ಟೆಂಪರೇಚರ್ ಮುಳ್ಳು ಏರೋ ಭಯ. ಏಪ್ರಿಲ್-ಮೇನಲ್ಲಿ ಮಾಸ್ತರ್ ಕಾಕಾನ ಅಂಬಾಸಿಡರ್ ಸುಮ್ಮನೆ ಉಸಿರು ಬಿಟ್ಟುಬಿಡುತ್ತದೆ. ಇದಕ್ಕೆ ವೇಪರ್ ಲಾಕ್ ಅಂತಾರೆ. ಹಳೇ ಕಾರುಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಎಂಜಿನ್ ಕಾದಾಗ ಪಂಪು, ಪೈಪಿನಲ್ಲಿರೋ ಪೆಟ್ರೋಲ್ ಆವಿಯಾಗುತ್ತದೆ. ಪಂಪು ದ್ರವವನ್ನ ಎಳೆಯಬಲ್ಲದು, ಆವಿಯನ್ನಲ್ಲ. ಔಷಧ ಏನಂದ್ರೆ, ಹಸಿ ಅರಿವಿ. ಬಟ್ಟೆಯನ್ನ ತಣ್ಣೀರಲ್ಲಿ ಅದ್ದಿ ಪಂಪಿನ ಮೇಲೆ ಹಾಕಿ ಹತ್ತು ನಿಮಿಷ ಕಾಯೋದು. ಕಾಕಾನ ಡಿಕ್ಕಿಯಲ್ಲಿ ಹಳೇ ಧೋತರದ ತುಂಡು ಖಾಯಂ ಇರುತ್ತದೆ.

ಹತ್ತು ನಿಮಿಷ ಕಾಯೋದು ಕಷ್ಟ ಅಲ್ಲ. ಹಿಂದಿನವರ ಹಾರ್ನು ಕೇಳೋದು ಕಷ್ಟ. "ಸರ್, ಮ್ಯೂಸಿಯಂಗೆ ಇಡ್ರಿ ಇದನ್ನ" ಅಂತ ಬೈಕ್ ಹುಡುಗ ಅಂದು ಹೋಗ್ತಾನೆ. ಮುಂದಿನ ತಿರುವಿನಲ್ಲಿ ಅವನೇ ನಿಂತು ಫೋಟೋ ತೆಗೀತಾನೆ.

ಒಂದು ನಗ ಯಾರು ಮಾಡ್ತಾರ್ರಿ?

ಸೇತುವೆ ಇಳಿದರೆ ಉದ್ಯಮಬಾಗ. ಬೆಳಗಾವಿಯ ಫೌಂಡ್ರಿ, ಮಷೀನ್ ಶಾಪುಗಳ ಊರು ಇದು. ಇಲ್ಲಿ ಎರಕ ಹೊಯ್ದ, ಕಟೆದ ವಾಹನದ ಭಾಗಗಳು ಎಲ್ಲೆಲ್ಲಿಗೋ ಹೋಗ್ತವೆ. ಇಲ್ಲಿಂದ ಮುಂದೆ ಪೀರನವಾಡಿ, ಮಚ್ಛೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಎಂಜಿನಿಯರಿಂಗ್ ಪದವಿಯಿಂದ ಹಿಡಿದು ಎಂಜಿನ್ ಬಿಡಿಭಾಗದ ತನಕ ಎಲ್ಲ ಒಂದೇ ರಸ್ತೆಯಲ್ಲಿ ಸಿಗುತ್ತವೆ. ನನ್ನ ಕಾರಿಗೆ ಬೇಕಾದ ಕಿಂಗ್‌ಪಿನ್ ಬುಷ್ ಒಂದು ಬಿಟ್ಟು!

ಮೊದಲೆಲ್ಲ ಇಂಥವು ಮುಂಬೈಯಿಂದ ಬರ್ತಿದ್ದವು. ಅಲ್ಲಿ ಸಾವಿರಾರು ಪದ್ಮಿನಿ ಟ್ಯಾಕ್ಸಿಗಳಿದ್ದಾಗ ಬಿಡಿಭಾಗಕ್ಕೆ ಗಿರಾಕಿ ಇದ್ದರು. ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಗಿದ್ದು 2003ರ ಅಕ್ಟೋಬರ್ 29ಕ್ಕೆ. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದದ್ದರಿಂದ 2023ರ ಅಕ್ಟೋಬರ್ ಮುಗಿಯುವಾಗ ಅದೂ ರಸ್ತೆ ಬಿಟ್ಟಿತು. ಪತ್ರಿಕೆಗಳಲ್ಲಿ ಎಲ್ಲರೂ ಕಪ್ಪು-ಹಳದಿಯ ನೆನಪು ಬರೆದರು. ನಮಗೆ ಬಂದ ಚಿಂತೆಯೇ ಬೇರೆ, ಇನ್ನು ಬುಷ್ ಎಲ್ಲಿ ತರೋದು?

ಉದ್ಯಮಬಾಗದಲ್ಲಿ ಕೇಳಿದರೆ ಎಲ್ಲ ಕಡೆ ಒಂದೇ ಉತ್ತರ. "ಒಂದ ನಗ ಯಾರ ಮಾಡ್ತಾರ್ರಿ? ಸಾವಿರ ನಗ ಇದ್ರ ಹೇಳ್ರಿ." ಅವರದ್ದೂ ತಪ್ಪಲ್ಲ. ಮಷೀನ್ ನಿಲ್ಲಿಸಿ, ಸೆಟ್ಟಿಂಗ್ ಬದಲಿಸಿ, ಒಂದು ಪೀಸ್ ಮಾಡಿದರೆ ಅವರಿಗೆ ಗಿಟ್ಟೋದಿಲ್ಲ.

ಇದನ್ನೇ ಒಂದು ಭಾನುವಾರ ಚಹಾದ ಹೊತ್ತಿಗೆ ಹೇಳಿಕೊಂಡೆ. ಪಕ್ಕದಲ್ಲಿದ್ದವರೊಬ್ಬರು, "ನಂದೂ ಅದ ಗೋಳ್ರಿ" ಅಂದರು. ಅವರ ಭಾವ ನಂದಗಡದಲ್ಲಿ ಪದ್ಮಿನಿ ಇಟ್ಟಿದ್ದಾರೆ, ಅವರದ್ದೂ ಅದೇ. ಹುಬ್ಬಳ್ಳಿಯಲ್ಲಿ ಇಬ್ಬರು ಸಿಕ್ಕರು. ಹೀಗೆ ಏಳು ಕಾರು, ಹೆಚ್ಚುವರಿಗೆ ಮೂರು ಸೆಟ್ಟು, ಒಟ್ಟು ಹತ್ತು. ಒಬ್ಬ ಸಣ್ಣ ಲೇತಿನವರು ಹಳೇ ಬುಷ್ ಅಳತೆ ತಗೊಂಡು ಗನ್‌ಮೆಟಲ್‌ನಲ್ಲಿ ಕಟೆದು ಕೊಟ್ಟರು. ದುಡ್ಡು ಎಣಿಸ್ತಾ ಅವರು ಹೇಳಿದ ಮಾತು: "ಒಬ್ಬರ ಗೋಳು ಬರೇ ಗೋಳ್ರಿ. ಹತ್ತ ಮಂದಿ ಗೋಳು ಅಂದ್ರ ಆರ್ಡರ್."

ಅವತ್ತಿನಿಂದ ನಾನು ಯಾರು ಗೊಣಗಿದರೂ ಬರೆದುಕೊಳ್ತೀನಿ. ಆಫೀಸಿನಲ್ಲಿ ಬಗ್ ಬರೆದಿಡೋ ಹಾಗೆ ಒಂದು ಶೀಟ್ ಮಾಡಿದೀನಿ. ಯಾವ ಕಾರು, ಏನು ತೊಂದರೆ, ಏನು ಮಾಡಿದ್ರೆ ಸರಿಯಾಯ್ತು, ಸಾಮಾನು ಎಲ್ಲಿ ಸಿಕ್ತು. ಈಗ ನೂರು ಸಾಲು ದಾಟಿದೆ.

ಮುಂದೆಯೂ ಕಬ್ಬು, ಒಳಗೂ ಕಬ್ಬು

ಮಚ್ಛೆ ದಾಟಿದ ಮೇಲೆ ಹೊಲ, ಮರ, ಕೆಂಪು ಮಣ್ಣು ಶುರು. ಕಬ್ಬು ನುರಿಸೋ ಕಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು, ಜೋರಾಗಿ ಹಾಡು ಹಾಕಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಮುಂದೆ ಹೋಗ್ತಿರುತ್ತದೆ. ಹೊಸ ಕಾರುಗಳು ಸೊಂಯ್ ಅಂತ ದಾಟಿಬಿಡ್ತವೆ. ನಾವು ಗೇರ್ ಇಳಿಸಿ, ಎದುರಿನ ರಸ್ತೆ ನೋಡಿ, ದೇವರನ್ನ ನೆನೆದು ದಾಟಬೇಕು.

ಅದೇ ಕಬ್ಬು ಎಥನಾಲ್ ಆಗಿ ಕೊನೆಗೆ ನಮ್ಮ ಟ್ಯಾಂಕಿಗೇ ಬರುತ್ತದೆ. 20 ಪರ್ಸೆಂಟ್ ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ರೈತನಿಗೆ ಒಳ್ಳೇದು, ಕಚ್ಚಾ ತೈಲದ ಆಮದೂ ಕಮ್ಮಿ. ಕಬ್ಬಿನ ಜಿಲ್ಲೆಯಲ್ಲಿ ಹುಟ್ಟಿದ ನಾನು ಅದಕ್ಕೆ ಬೇಡ ಅನ್ನಲಾರೆ. ಆದರೆ 1994ರ ರಬ್ಬರ್ ಪೈಪಿಗೆ ಈ ರಾಜಕಾರಣ ಗೊತ್ತಿಲ್ಲ. ಅದು ಎಥನಾಲಿಗೆ ಉಬ್ಬಿ, ಮೆತ್ತಗಾಗಿ, ಸೀಳಿಬಿಡುತ್ತದೆ. ಎಥನಾಲ್ ನೀರನ್ನ ಎಳೆದುಕೊಳ್ಳುತ್ತದೆ, ಹಾಗಾಗಿ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಕಾರ್ಬ್ಯುರೇಟರ್ ಒಳಗೆ ಬಿಳಿ ಪುಡಿ ಕಟ್ಟುತ್ತದೆ. ಕೆಲವು ಹಳೇ ವಾಹನಗಳಲ್ಲಿ 20,000-30,000 ಕಿ.ಮೀ. ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿತು.

ನಮ್ಮ ಶೀಟಿನಲ್ಲಿ ಇದಕ್ಕೂ ಸಾಲುಗಳಿವೆ. ಎಥನಾಲ್ ತಡೆಯೋ ಪೈಪ್ ಹಾಕಿಸಿ. ಕಾರು ಒಂದು ತಿಂಗಳು ನಿಲ್ಲೋದಿದ್ರೆ ಕಾರ್ಬ್ಯುರೇಟರ್ ಖಾಲಿ ಮಾಡಿ. ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬಂದ್ರೆ ಎಂಜಿನ್ ಶುರು ಮಾಡಬೇಡಿ. ಕೊನೆಯದು ಡಾಕ್ಟರ್ ಅಕ್ಕ ಸೇರಿಸಿದ್ದು, ಅವರ 800ರ ಪೈಪ್ ಸೀಳಿದ ಮೇಲೆ.

ಮಲಪ್ರಭೆ ಮತ್ತು ಮಿಸ್ತ್ರಿ ಕಾಕಾ

ಗಣೇಬೈಲ ಟೋಲ್ ದಾಟಿದರೆ ಖಾನಾಪುರ ಬಂದಹಾಗೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿ ಊರ ಪಕ್ಕದಲ್ಲೇ ಹರಿಯುತ್ತಾಳೆ. ಜುಲೈನಲ್ಲಿ ಇಲ್ಲಿಯ ಮಳೆ ಅಂದ್ರೆ ಮಳೆ. ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಕೂತು ಎಂಜಿನ್ ಕೆಮ್ಮೋಕೆ ಶುರು ಮಾಡುತ್ತದೆ. ಅದಕ್ಕೆ ಒಣ ಅರಿವಿ ಬೇಕು. ಬೇಸಿಗೆಗೆ ಹಸಿ ಅರಿವಿ, ಮಳೆಗಾಲಕ್ಕೆ ಒಣ ಅರಿವಿ. ಹಳೇ ಕಾರಿನ ಅರ್ಧ ವಿದ್ಯೆ ಇಷ್ಟೇ ಅಂತಾರೆ ಮಾಸ್ತರ್ ಕಾಕಾ.

ಉಳಿದರ್ಧ ಮಿಸ್ತ್ರಿ ಕಾಕಾನ ಕೈಯಲ್ಲಿದೆ. ಎಪ್ಪತ್ತರ ಹತ್ತಿರ ವಯಸ್ಸು. ಕೆಲವು ಭಾನುವಾರ ನಮ್ಮ ಜೊತೆ ಬರ್ತಾರೆ. ಕಾರ್ಬ್ಯುರೇಟರ್ ಸ್ಕ್ರೂವನ್ನ ಕಿವಿಯಿಂದಲೇ ಸೆಟ್ ಮಾಡ್ತಾರೆ. "ಕೇಳ ತಮ್ಮಾ, ಅದ ಹೇಳತೈತಿ" ಅಂತ ಕಾಲು ಸುತ್ತು ತಿರುಗಿಸಿದರೆ ಎಂಜಿನ್ ಬೆಕ್ಕಿನ ಹಾಗೆ ಗುರುಗುಡುತ್ತದೆ. ಕಾಂಟ್ಯಾಕ್ಟ್ ಪಾಯಿಂಟ್ ಗ್ಯಾಪ್ ನೋಡೋಕೆ ಜೇಬಿನಲ್ಲಿರೋ ವಿಸಿಟಿಂಗ್ ಕಾರ್ಡ್ ಸಾಕು. ಒಮ್ಮೆ ನಾನು ಫೀಲರ್ ಗೇಜ್ ಹಾಕಿ ಅಳೆದೆ. ಅರ್ಧ ಮಿಲಿಮೀಟರಿಗೂ ಕಮ್ಮಿ ಇರಬೇಕಾದ ಜಾಗ, ಸರಿಯಾಗೇ ಇತ್ತು.

ಈ ವರ್ಷ ಅವರ ಕೈ ನಡುಗೋಕೆ ಶುರುವಾಗಿದೆ. ಮಗ ಉದ್ಯಮಬಾಗದಲ್ಲಿ ಸಿಎನ್‌ಸಿ ಮಷೀನ್ ನಡೆಸ್ತಾನೆ. "ಅವಗೂ ಸ್ವಲ್ಪ ಕಲಿಸ್ರಿ ಕಾಕಾ" ಅಂದೆ. "ಅವಗ ಪಗಾರ ಬೇಕೋ, ಕಾರ್ಬ್ಯುರೇಟರ್ ಬೇಕೋ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಖಾನಾಪುರದ ಮಣ್ಣಿಗೆ ಹೆಸರಿದೆ, ಮಡಕೆ ಮಾಡೋದು ಕಲಿಸೋಕೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೇ ಇಲ್ಲಿದೆ. ಕಾರ್ಬ್ಯುರೇಟರಿಗೆ ಅಂಥದ್ದೇನಿದೆ? ಹಾಗಾಗಿ ಈಗ ಕಾಕಾ ಸ್ಕ್ರೂ ತಿರುಗಿಸುವಾಗ ನಾನು ಫೋನ್ ಹಿಡಿದು ಎಂಜಿನ್ ಸದ್ದು ರೆಕಾರ್ಡ್ ಮಾಡ್ತೀನಿ. ತಪ್ಪಾಗಿ ಸೆಟ್ ಆದದ್ದು ಒಂದು, ಸರಿಯಾದದ್ದು ಒಂದು.

ಹಳೇದು, ಆದರೆ ಸಾಕಷ್ಟು ಹಳೇದಲ್ಲ

ಚಹಾದ ಎರಡನೇ ಸುತ್ತಿಗೆ ಕಾಗದಪತ್ರದ ಗೋಳು ಬರುತ್ತದೆ. ಕಾರಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. 2019ರಲ್ಲಿ ನನ್ನ ಕಾರಿಗೆ ಇದರ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ 5,000 ಆಯ್ತು, 2024ರಲ್ಲಿ ಅಷ್ಟು ಕಟ್ಟಿದೆ. 20 ವರ್ಷ ದಾಟಿದ ಕಾರಿಗೆ 10,000 ಅಂತ 2025ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂತು. ಅಂದ್ರೆ 2029ಕ್ಕೆ ನನ್ನ ಸರದಿ. ಹಸಿರು ತೆರಿಗೆ ಬೇರೆ. ಒಂದು ಆ್ಯಪ್‌ನಲ್ಲಂತೂ ಕಾರಿನ ಕಂಪನಿ ಆರಿಸೋ ಪಟ್ಟಿಯಲ್ಲಿ ಪ್ರೀಮಿಯರ್ ಅನ್ನೋ ಹೆಸರೇ ಇರಲಿಲ್ಲ.

ಸಮಾಧಾನ ಏನಂದ್ರೆ ನಾವು ದೆಹಲಿಯಲ್ಲಿಲ್ಲ. ಅಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ವಾಹನಗಳ ಮೇಲೆ ನಿರ್ಬಂಧವನ್ನ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ನಮ್ಮಲ್ಲಿ ಪರೀಕ್ಷೆ ಪಾಸಾದರೆ ಓಡಿಸಬಹುದು.

ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಕಾರಿಗೆ 50 ವರ್ಷ ದಾಟಿರಬೇಕು, ಮೂಲರೂಪದಲ್ಲೇ ಇರಬೇಕು. ನೋಂದಣಿಗೆ 20,000 ರೂಪಾಯಿ, ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕಷ್ಟೇ ರಸ್ತೆಗಿಳಿಸಬಹುದು. ನನ್ನ ಪದ್ಮಿನಿಗೆ ಆ ಮರ್ಯಾದೆ ಸಿಗೋದು 2044ಕ್ಕೆ. ಅಲ್ಲಿವರೆಗೆ ಅದು ಗುಜರಿಯೂ ಅಲ್ಲ, ವಿಂಟೇಜೂ ಅಲ್ಲ. ಜರ್ಮನಿಯಲ್ಲಿ 30 ವರ್ಷ ದಾಟಿದ, ಚೆನ್ನಾಗಿಟ್ಟ ಕಾರಿಗೆ ಬೇರೆ ನಂಬರ್ ಪ್ಲೇಟೇ ಇದೆ. ಬ್ರಿಟನ್‌ನಲ್ಲಿ 40 ವರ್ಷ ದಾಟಿದರೆ ವಾಹನ ತೆರಿಗೆ ಇಲ್ಲ.

ನಮ್ಮ ಕಾರುಗಳು ಹೊಗೆ ಬಿಡೋದಿಲ್ಲ ಅಂತ ನಾನು ಹೇಳ್ತಿಲ್ಲ. ಇಂದಿನ ಬಿಎಸ್6 ಕಾರಿನ ಪಕ್ಕ ನಿಲ್ಲಿಸಿದರೆ ನನ್ನದು ಕೊಳಕೇ. ದಿನಾ ಆಫೀಸಿಗೆ ಓಡಿಸ್ತೀವಿ ಅಂತ ಯಾರೂ ಕೇಳ್ತಿಲ್ಲ. ತಿಂಗಳಿಗೆ ಒಂದೆರಡು ಸಲ, ಇಷ್ಟು ಕಿಲೋಮೀಟರ್ ಅಂತ ಮಿತಿ ಹಾಕಲಿ, ಹೊಗೆ ಪರೀಕ್ಷೆ ಬಿಗಿ ಮಾಡಲಿ. 30 ವರ್ಷಕ್ಕೂ 50 ವರ್ಷಕ್ಕೂ ನಡುವೆ ಒಂದು ಬಾಗಿಲು ಇಡಲಿ ಅಷ್ಟೇ. ಇಲ್ಲದಿದ್ದರೆ 50 ತುಂಬೋಕೆ ಮೊದಲೇ ಇವೆಲ್ಲ ಗುಜರಿ ಸೇರ್ತವೆ. ಆಮೇಲೆ ವಿಂಟೇಜ್ ಅಂತ ಕರೆಯೋಕೆ ಒಂದಾದರೂ ಉಳಿದಿರಬೇಕಲ್ಲ!

ಮೊನ್ನೆ ಗುಜರಿಯವ ಮನೆಗೆ ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿದ. ಅಪ್ಪ ಏನೂ ಮಾತಾಡದೆ ನನ್ನ ಕಡೆ ನೋಡಿದರು. 2029ರ ತನಕ ಕಾಗದ ಸರಿ ಇದೆ, ಬುಷ್ ಹೊಸದು, ಪೈಪ್ ಹೊಸದು ಅಂದೆ. "ಹಂಗಾದ್ರ ಟೈರ್ ನೋಡು" ಅಂದರು. 14 ಇಂಚಿನ ಆ ಟೈರು ಈಗ ನಮ್ಮ ಶೀಟಿನ ಹೊಸ ಸಾಲು. ಇಲ್ಲಿವರೆಗೆ ನಾಲ್ಕು ಜನ ತಮಗೂ ಬೇಕು ಅಂದಿದ್ದಾರೆ. ನಿಮ್ಮ ಮನೆಯಲ್ಲೂ ಪದ್ಮಿನಿ ಇದ್ದರೆ, ಮುಂದಿನ ಭಾನುವಾರ ಖಾನಾಪುರಕ್ಕೆ ಬಂದು ನಿಮ್ಮ ಗೋಳೂ ಹೇಳಿ. ಹತ್ತಾದರೆ ಆರ್ಡರ್ ಹಾಕೋಣ.